ಹದಿನಾಲ್ಕನೇ ಕಲಿಕಾ ಫಲ

ಮಾರ್ಚಿಯಲ್ಲಿ ಬರೆದವಳು ನಾನೇ:
ಪ್ರಾಚಿ ಬಾನಾವಳಿಕರ್, ಐದನೇ ಇಯತ್ತೆ,
ಕಲಿಕಾ ಫಲ ಹದಿನಾಲ್ಕು,
ಶೇಷ ಉಳಿಯುವ ಭಾಗಾಕಾರ:
ಸಿ.
ಇಂಗ್ಲಿಷಿನ ಒಂದೇ ಅಕ್ಷರ,
ಗಾಳದ ಹಾಗೆ ಬಾಗಿದ್ದು.

ಜೂನಿನಲ್ಲಿ ಸರಕಾರ ಕಡಲಿಗೂ ರಜೆ ಕೊಟ್ಟಿತು.
ಬೈತಖೋಲದ ಧಕ್ಕೆಯಲ್ಲಿ ಟ್ರಾಲರುಗಳು
ಒಂದಕ್ಕೊಂದು ಪಕ್ಕೆ ಉಜ್ಜುತ್ತ ನಿಂತವು.
ಶಾಲೆ ಶುರುವಾಗಿ ವಾರವಾದರೂ ಹುಡುಗಿಯ ಸುದ್ದಿಯಿಲ್ಲ.
ಹುಡುಕಿಕೊಂಡು ಹೋದೆ.
ನೀಲಿ ತಾಡಪತ್ರಿಯ ಕೆಳಗೆ ಅವಳಪ್ಪ ಉಲ್ಲಾಸ
ಹರಿದ ಬಲೆಯನ್ನು ಕಾಲಬೆರಳಿಗೆ ಸಿಕ್ಕಿಸಿಕೊಂಡು ಕೂತಿದ್ದ.
ಪಕ್ಕದಲ್ಲಿ ಅವಳು. ಗಂಟು ಹಾಕುವುದು, ತೋರಿಸುವುದು.
ಅವನು ಎಳೆದು ನೋಡುವುದು, "ಬಿಚ್ಚು" ಅನ್ನುವುದು.
ಬೈಗುಳವಿಲ್ಲ, ಭೇಷ್ ಇಲ್ಲ.
ನಾನಿದ್ದಷ್ಟು ಹೊತ್ತಿನಲ್ಲೇ ಹನ್ನೊಂದು ಸಲ.

"ಅಕ್ಕೋರೇ, ನಿಮ್ಮಲ್ಲಿ ಪಾಸಾಗೋಕೆ ಎಷ್ಟು ಬೇಕು?"
"ದೊಡ್ಡ ಪರೀಕ್ಷೆಗಾದರೆ ಮೂವತ್ತೈದು."
ಹಲ್ಲಲ್ಲಿ ನೂಲು ಕಚ್ಚಿದ್ದ, ಅರ್ಧವೇ ನಕ್ಕ.
"ನೂರರಲ್ಲಿ ಮೂವತ್ತೈದು ಗಂಟು ನಿಂತರೆ
ಬಲೆ ಪಾಸು ಅಂತ ಬಂಗಡೆಗೆ ಹೇಳೋರ್ಯಾರು?"

ನನಗೂ ಹಟ ಬಂತು. ಕೈಲಿದ್ದ ಸುತ್ತೋಲೆಯ ಬೆನ್ನಿಗೆ ಬರೆದುಕೊಟ್ಟೆ:
ಇನ್ನೂರ ಐವತ್ತು, ಎಂಟರಿಂದ ಭಾಗಿಸು.
ಮೂವತ್ತು, ಶೇಷ ಹತ್ತು, ಎಂದು ಬರೆದಳು.
ಅದೇ ಮಾರ್ಚಿಯ ತಪ್ಪು.
ನಾನು ಬಾಯಿ ತೆರೆಯುವಷ್ಟರಲ್ಲಿ
ಅವಳ ಬೆರಳು ಹತ್ತರ ಮೇಲೆ ನಿಂತಿತು,
ಸಡಿಲ ಗಂಟನ್ನು ಎಳೆದು ನೋಡುವಂತೆ.
"ಬಿಚ್ಚು," ಅಂದಳು, ತನಗೇ, ಅಪ್ಪನ ದನಿಯಲ್ಲಿ.
ಒರೆಸಿದಳು.
ಮೂವತ್ತೊಂದು. ಶೇಷ ಎರಡು.
ಇನ್ನೂ ಎರಡು ಲೆಕ್ಕ ಕೊಟ್ಟೆ. ಎರಡೂ ನಿಂತವು.

"ಹೋದ ವರ್ಷದ್ದು ಲಾಕ್ ಆಗಿದೆ,"
ಪಾಗಿ ಮಾಸ್ತರು ಪರದೆಯಿಂದ ಕಣ್ಣು ತೆಗೆಯಲಿಲ್ಲ.
"ಮಾರ್ಚಿಗೆ ಬರಲಿಲ್ಲ ಅಂದರೆ ಬರಲಿಲ್ಲ."
"ಈಗ ಬರುತ್ತದಲ್ಲ ಸಾರ್?"
"ಈಗಿನದಕ್ಕೆ ಕಾಲಮ್ಮೆಲ್ಲಿದೆ?"

ಪರದೆಯಲ್ಲಿ ಇಲ್ಲ. ನನ್ನ ಕಪಾಟಿನ
ಗೆದ್ದಲು ಮುಟ್ಟಿದ ರಿಜಿಸ್ಟರಿನಲ್ಲಿ ಅಂಚಿದೆ.
ಸಿ ಹೊಡೆದುಹಾಕಲಿಲ್ಲ, ಅದೂ ನಿಜವೇ ಆಗಿತ್ತು.
ಪಕ್ಕದಲ್ಲಿ ಸಣ್ಣದಾಗಿ ಬರೆದೆ:
ಜೂನ್ ಹತ್ತೊಂಬತ್ತು, ಧಕ್ಕೆ, ಮಳೆ. ಬಂತು.

ಶಾಯಿ ಆರಲೆಂದು ಪುಟ ತೆರೆದೇ ಇಟ್ಟೆ.
ಆಗ ಕಂಡಿತು, ಅದೇ ಸಾಲಿನ ಕೆಳಗೆ
ಇನ್ನೂ ಏಳು ಗಾಳ,
ಎಲ್ಲ ನನ್ನದೇ ಅಕ್ಷರ.
ಎರಡು ಮನೆ ಅಲಿಗದ್ದೆಯಲ್ಲಿ, ಒಂದು ಬಂದರಿನ ಹಿಂದೆ,
ಉಳಿದವು ಎಲ್ಲೆಂದು ಯಾರನ್ನಾದರೂ ಕೇಳಬೇಕು.
ಕೊಡೆ ಇನ್ನೂ ಒದ್ದೆಯಿದೆ.