ಹೆಬ್ಬೆಟ್ಟು

ಲಾಂಗ್ಟನ್ನಿನ ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಬಟ್ಟಲಿನ ಅಂಚಿಗೆ ಚಿನ್ನದ ಗೆರೆ ಎಳೆದವಳು ನಾನು.
ಒಂದೇ ಉಸಿರು, ಒಂದೇ ಸುತ್ತು.
ಬಳಿಯುವಾಗ ಅದು ಕೆಸರಿನ ಕಂದು,
ಬೆಂಕಿ ಕಂಡ ಮೇಲೆ ಚಿನ್ನ.
ಬಟ್ಟಲಿನ ಅಡಿಯಲ್ಲಿ ನನ್ನ ಮೂರು ಚುಕ್ಕೆ,
ಹೆಸರಿಗಲ್ಲ, ಶುಕ್ರವಾರದ ಕೂಲಿಯ ಲೆಕ್ಕಕ್ಕೆ.

ಈಗ ಕೈ ನಡುಗುತ್ತದೆ. ಪರವಾಗಿಲ್ಲ,
ಈ ಪರದೆಯಲ್ಲಿ ನಡುಕ ತಿದ್ದುವ ಗುಂಡಿಯೊಂದಿದೆ.
ಹದಿನಾಲ್ಕಕ್ಕೆ ಇಟ್ಟರೆ ನನಗೆ ಮತ್ತೆ ಇಪ್ಪತ್ತರ ಪ್ರಾಯ,
ಇಪ್ಪತ್ತಕ್ಕೆ ಇಟ್ಟರೆ ಗೆರೆಯೇ ಸತ್ತುಹೋಗುತ್ತದೆ.
ಹನ್ನೊಂದರಲ್ಲಿ ಬಿಟ್ಟಿದ್ದೇನೆ.

ಸಿಪಾಯಿಗಳನ್ನು ಮಾಡುತ್ತೇನೆ,
ಇಲ್ಲದ ಮೇಜಿನ ಮೇಲೆ ಕಾದಾಡುವವರನ್ನು.
ಮೊದಲು ಚರ್ಮ ಸುಲಿಯಬೇಕು.
ಕಂಕುಳಲ್ಲಿ, ತೊಡೆಯ ಒಳಬದಿ, ಟೋಪಿಯ ಹಿಂದೆ,
ಯಾರ ಕಣ್ಣೂ ಬೀಳದ ಕಡೆ ಕತ್ತರಿ ಹಾಕಿ
ಚಪ್ಪಟೆ ಹಾಸಬೇಕು, ದರ್ಜಿ ಬಟ್ಟೆ ಹಾಸಿದ ಹಾಗೆ:
ಮುಖ ಒಂದು ಮೂಲೆಗೆ, ಅಂಗೈ ಇನ್ನೊಂದಕ್ಕೆ,
ಬೂಟಿನ ಅಟ್ಟೆ ಗಲ್ಲದ ಪಕ್ಕ.
ಇಲ್ಲಿ ಗೂಡಿಲ್ಲ, ಬೇಯುವುದಿಲ್ಲ;
ಹೊಳಪಿಗೆ ಬೇರೆಯೇ ಒಂದು ಬೂದಿ ಹಾಳೆ,
ಬೆಳ್ಳಗಿದ್ದಲ್ಲಿ ಒರಟು, ಕಪ್ಪಗಿದ್ದಲ್ಲಿ ಮಿರುಗು.
ಎಲ್ಲ ಬಳಿದು ಮತ್ತೆ ಹೊದಿಸಿದರೆ
ಎದ್ದು ನಿಲ್ಲುತ್ತಾನೆ, ಏನೂ ಆಗದವನಂತೆ.

ಮೊದಮೊದಲು ಎಡವಟ್ಟು ಒಂದೆರಡಲ್ಲ.
ಅಳತೆ ತಪ್ಪಿ ಬಂದ ಒಬ್ಬ ನಗಾರಿ ಹುಡುಗ
ಮೇಜಿಗಿಂತ ದೊಡ್ಡವನು. ಆ ಗುರುವಾರ
ಎರಡೂ ಸೈನ್ಯ ಅವನ ಬೂಟಿನ ನೆರಳಲ್ಲಿ ನಿಂತವು.
"ತೆಗೆಯಬೇಡಿ, ಅವನೇ ಗುಡ್ಡ" ಅಂದಳು ಗ್ದಾನ್ಸ್ಕ್‌ನಿಂದ ಬೋಗ್ನಾ,
ಅವನ ಪಾದದ ಮೇಲೆ ಫಿರಂಗಿ ಹತ್ತಿಸಿದಳು.
ಗೆದ್ದಳು ಕೂಡ.

ಮಾರ್ಚಿಯಲ್ಲಿ ಎನಕ್ ಟನ್ನಿಕ್ಲಿಫ್ ಹೋದ.
ಬರ್ಸ್ಲೆಮ್ಮಿನ ಓಟ್‌ಕೇಕ್ ಅಂಗಡಿಯ ಮಹಡಿಯಲ್ಲಿ
ಹತ್ತೊಂಬತ್ತು ಚಳಿಗಾಲ ನನ್ನೆದುರು ಕೂತು ಸೋತವನು.
ಅವನ ಸೀಸದ ಸಿಪಾಯಿಗಳು ನಲವತ್ತೆಂಟು;
ಮಗಳು ಮಾರುತ್ತಾಳೆ, ತಲೆಗೆ ಇಷ್ಟೆಂದು.
ಮೂರು ದಿನ ಕೊಡು ಎಂದೆ.
ಎಲ್ಲರೂ ಒಂದೇ ಅಚ್ಚಿನವರು, ಒಬ್ಬ ಸಾಕು.
ಮೂರನೇ ಸಾಲಿನವನನ್ನು ಎತ್ತಿ
ಕೇಕ್ ತಿರುಗಿಸುವ ತಟ್ಟೆಯ ಮೇಲೆ ನಿಲ್ಲಿಸಿ
ಎಪ್ಪತ್ತೆರಡು ಸಲ ಫೋಟೋ ತೆಗೆದೆ.

ದೊಡ್ಡದು ಮಾಡಿ ನೋಡಿದರೆ,
ಎಡತೊಡೆಯ ಬಿಳಿ ಷರಾಯಿಯ ಮೇಲೆ
ಎಳ್ಳಿನಷ್ಟು ಜಾಗದಲ್ಲಿ ಸುರುಳಿ ಸುರುಳಿ.
ವಾರ್ನಿಷ್ ಒಣಗುವವರೆಗೆ ಕಾಯದ ಮನುಷ್ಯ,
ಸರದಿ ಬರುವ ಮೊದಲೇ ದಾಳ ಉರುಳಿಸುವವನು!
ಅಳಿಸಲು ಎರಡು ಎಳೆತ ಸಾಕಿತ್ತು.
ಕಾರ್ಖಾನೆಯಲ್ಲಾದರೆ ಇದು ಎರಡನೇ ದರ್ಜೆಯ ಮಾಲು.
ಚಹಾಕ್ಕೆ ನೀರಿಟ್ಟು ಬಂದೆ.
ಕುಡಿದು, ಲೋಟ ತೊಳೆದು,
ಹಾಗೇ ಉಳಿಸು ಎಂದು ಒತ್ತಿದೆ.

ಒಂದು ಚರ್ಮ, ನಲವತ್ತೆಂಟು ಮೈ.
ವಾಲ್ಡಿವಿಯಾದಿಂದ ಯಾರೋ ದೂರು ಬರೆದರು:
ಎಲ್ಲರ ತೊಡೆಯಲ್ಲೂ ಒಂದೇ ಕಲೆ, ದಯವಿಟ್ಟು ಸರಿಪಡಿಸಿ.
ಅದು ರೆಜಿಮೆಂಟಿನ ಗುರುತು ಎಂದು ಉತ್ತರಿಸಿದೆ.
ನಲವತ್ತು ವರ್ಷ ಅಂಚೆ ಕಚೇರಿಯಲ್ಲಿ ದುಡಿದವನು ಎನಕ್,
ಬಳ್ಳಿ ಹಬ್ಬಿದಂಥ ಸಹಿ ಅವನದು;
ಕೊನೆಗೆ ಹೆಬ್ಬೆಟ್ಟು ಒತ್ತಿ ಹೋದ.

ನಿನ್ನೆ ಗುರುವಾರ ಅವರ ಮೊದಲ ಕದನ.
ಎರಡನೇ ಸುತ್ತಿಗೇ ಕಿತ್ತರು ಓಟ, ಎಲ್ಲರಿಗಿಂತ ಮೊದಲು,
ಎನಕ್ ಇದ್ದಾಗ ಓಡುತ್ತಿದ್ದ ಹಾಗೇ.
ಬೋಗ್ನಾ ನಕ್ಕೂ ನಕ್ಕೂ ಕೆಮ್ಮಿದಳು.
ಅವರು ಬೆನ್ನು ಹಾಕಿದಾಗ ಕಂಡಿತು:
ಟೋಪಿಯ ಹಿಂದೆ ಹೊಲಿಗೆ
ಕೂದಲೆಳೆಯಷ್ಟು ಬಿಟ್ಟಿದೆ.
ನಾಳೆ ನೋಡಬೇಕು.