ಮುಳ್ಳಿಲ್ಲದ ಗೆಂಡೆ

ಎಡಮುರಿಯಲ್ಲಿ ಮಾದಾಜತ್ತೆಯ ಬಾಣಲೆ ಇನ್ನೂ ಕಾದಿರಲಿಲ್ಲ.
ಕಟ್ಟೆ ಹತ್ತಿ ಇಳಿಯುವ ನೀರಿನ ಸದ್ದು, ಅಷ್ಟೇ.
ಐಸಿನ ಡಬ್ಬ ಹಿಡಿದು ಹೋಗಿ ಕೇಳಿದೆ:
ಅತ್ತೆ, ಒಂದು ಗೆಂಡೆ ಬೇಕು. ಜೀವ ಇರಬೇಕು.
'ಕೊಯ್ದು ಕೊಡ್ಲಾ?' ಕೈ ಆಗಲೇ ಈಳಿಗೆಯ ಮೇಲೆ.
ಬೇಡ. ಅದು ವಾಪಸ್ ಹೊಳೆಗೆ ಹೋಗಬೇಕು.

ಸಂಬಳ ಕೊಟ್ಟು ಹುಚ್ಚು ಹಿಡಿಸ್ತಾರಾ ಮೈಸೂರಲ್ಲಿ
ಎನ್ನುವ ಹಾಗೆ ನೋಡಿದಳು.

ಚೆಲುವಯ್ಯಮಾವ ಒದ್ದೆ ಗೋಣಿಯಲ್ಲಿ ಸುತ್ತಿ ತಂದ,
ಮೊಳದುದ್ದದ್ದು, ಬಾಯಿ ತೆರೆದು ಮುಚ್ಚಿ
ಏನೋ ಲೆಕ್ಕ ಹಾಕುತ್ತಿತ್ತು.
ಬಕೆಟ್ಟಿನ ನೀರಿಗೆ ಎರಡು ಹನಿ ಲವಂಗದೆಣ್ಣೆ ಬಿಟ್ಟೆ.
ಮೀನು ತೂಕಡಿಸಿತು.
'ಅಯ್ಯೋ, ಮಸಾಲೆ ಈಗ್ಲೇ ಹಾಕ್ಬುಟ್ಯಲ್ಲೇ!'

ಬೆನ್ನ ರೆಕ್ಕೆಯ ಬುಡದಲ್ಲಿ ಎರಡು ಹುರುಪೆ ಎತ್ತಿ
ಅಕ್ಕಿಕಾಳಿನಷ್ಟು ತೆಗೆದೆ. ನುಚ್ಚಿನಷ್ಟು ಎನ್ನಿ.
ಹೊಳೆಗೆ ಬಿಟ್ಟಾಗ ಒಂದು ಗಳಿಗೆ ಓರೆಯಾಗಿ ನಿಂತಿತು,
ಮೇಲು ಯಾವುದು ಕೆಳಗು ಯಾವುದು ನೆನಪು ಮಾಡಿಕೊಳ್ಳುತ್ತ.
ಆಮೇಲೆ ನೀರು ಮಾತ್ರ ಇತ್ತು.

*

ಆ ನುಚ್ಚು ಈಗ ಗಾಜಿನ ತಟ್ಟೆಗಳಲ್ಲಿ ಸಂಸಾರ ಹೂಡಿದೆ.
ಗುಲಾಬಿ ಬಣ್ಣದ ನೀರು. ಅದು ಹಳದಿಗೆ ತಿರುಗಿದರೆ
ಹಸಿದಿವೆ ಎಂದು ಅರ್ಥ.
ಭಾನುವಾರ ಗೊತ್ತಿಲ್ಲ ಅವಕ್ಕೆ, ಹಬ್ಬ ಗೊತ್ತಿಲ್ಲ.
ರುಕ್ಸಾನಾಳ ಸೀಮಂತದಲ್ಲಿ ಎಲೆ ಮುಂದೆ ಕೂತವಳು
ಹಟ್ಟಿಯಲ್ಲಿ ಎಮ್ಮೆ ಬಿಟ್ಟು ಬಂದವಳ ಹಾಗೆ
ಪಾಯಸಕ್ಕೆ ಮುಂಚೆ ಎದ್ದೆ. ಎಲ್ಲರೂ ಬೈದರು.

ಹತ್ತೊಂಬತ್ತನೇ ರಾತ್ರಿ
ಮೈಕ್ರೋಸ್ಕೋಪಿನ ಕೆಳಗೆ ಒಂದು ಎಳೆ ಸೆಳೆದುಕೊಂಡಿತು.
ತಲೆಯಿಲ್ಲ, ಬಾಲವಿಲ್ಲ,
ತಪ್ಪಿಸಿಕೊಳ್ಳಲು ಬಲೆಯೂ ಇಲ್ಲ.
ಮತ್ತೆ ಸೆಳೆಯಿತು.
ಎದುರು ಹರಿಯುವ ನೀರೇ ಇಲ್ಲದೆ ಎತ್ತ ಈಜುತ್ತಿತ್ತು?
'ಸಂಕೋಚನ, 11.40' ಎಂದು ರಿಜಿಸ್ಟರಿನಲ್ಲಿ ಬರೆದೆ.
ಕೈ ತೊಳೆದೆ. ಯಾಕೋ ಇನ್ನೊಮ್ಮೆ ತೊಳೆದೆ.

*

ಅತ್ತೆಗೆ ಫೋನಿನಲ್ಲಿ ಹೇಳಿದೆ, ಹೊಳೆಗೆ ಒಳ್ಳೇದಾಗಲಿ ಅಂತ ಇದೆಲ್ಲ.
ಅವಳು ಎಣ್ಣೆಯ ಸದ್ದಿನ ನಡುವೆ ನಕ್ಕಳು:
'ಹೊಳೇಲಿ ಏನೈತೆ ಮಗ? ಬಲೆಗೆ ಬಿದ್ರೆ ಬರೀ ಜಿಲೇಬಿ.
ಗೆಂಡೆ ಅಂದ್ರೆ ದೂರದ ನೆಂಟ್ರು ಬಂದಂಗೆ, ವರ್ಸಕ್ಕೊಂದಪ.
ಕಾವೇರಿ ದಂಡೇಲಿ ಕೂತ್ಕೊಂಡು
ಆಂಧ್ರದ ಲಾರಿ ಮೀನು ಕರೀತೀನಿ ನಾನು.
ತಿನ್ನೋರು ಹೊಳೆ ಕಡೆ ನೋಡ್ಕೊಂಡು ಏನ್ ರುಚಿ ಅಂತಾರೆ.
ನಾನು ಹೂಂ ಅಂತೀನಿ.'

*

ರುಚಿ ನೋಡಲು ಮೂವರು ಬೇಕೆಂದಾಗ ಅವಳ ಹೆಸರು ಕೊಟ್ಟೆ.
ತಲೆಗೆ ಪ್ಲಾಸ್ಟಿಕ್ ಟೋಪಿ, ಕಂಕುಳಲ್ಲಿ ಸ್ಟೀಲ್ ಡಬ್ಬ.
'ಮೀನು ನಿಮ್ದಾದ್ರೆ ಸಾರು ನಂದೇ ಇರ್ಲಿ,
ಮುದ್ದೇನೂ ತಂದಿವ್ನಿ.'
ನಮ್ಮ ಡಾಕ್ಟರಮ್ಮ ನಿಯಮ ಹುಡುಕಿ ಸೋತರು.

ಬೆರಳುಗಳು ತುಂಡನ್ನು ಹಿಸುಕಿದವು,
ಅಡ್ಡ ಒಮ್ಮೆ, ಉದ್ದ ಒಮ್ಮೆ,
ನನಗೆ ಮೂರು ವರ್ಷವಿದ್ದಾಗ ಹಿಸುಕಿದ ಹಾಗೆಯೇ,
ಕೂದಲಿನಷ್ಟು ಸಣ್ಣ ಮುಳ್ಳನ್ನೂ ಬಿಡದೆ ಹೆಕ್ಕಿ,
ಬಿಳಿ ಪಕಳೆ ಮಾತ್ರ ನನ್ನ ಬಾಯಿಗೆ.
ಈಗ ಏನೂ ಸಿಗಲಿಲ್ಲ.
ಬೆರಳು ನಂಬಲಿಲ್ಲ. ಮತ್ತೆ ಹುಡುಕಿದವು.

ಅಗಿದಳು. ಗೋಡೆಯ ಗಡಿಯಾರ ನೋಡುತ್ತ ಅಗಿದಳು.
'ಗೆಂಡೇನೇ. ಸುಳ್ಳು ಹೇಳಬಾರ್ದು, ಗೆಂಡೇನೇ.
ಆದ್ರೆ ಬಾಯಿಗೆ ಭಯ ಇಲ್ಲ ಕಣವ್ವ.'

ಫಾರಂನಲ್ಲಿ ಒಂದರಿಂದ ಒಂಬತ್ತು. ಭಯಕ್ಕೆ ಕಾಲಂ ಇಲ್ಲ.
ಏಳು ಹಾಕು ಅಂದಳು, ಆಮೇಲೆ ಎಂಟು ಮಾಡು ಅಂದಳು.
ಐನೂರರ ನೋಟು ಮಡಿಚಿ ರವಿಕೆಗೆ ಸಿಕ್ಕಿಸಿಕೊಂಡು
ಮೆಲ್ಲಗೆ ಕೇಳಿದಳು: 'ಅವತ್ತು ಬಿಟ್ಯಲ್ಲ, ಅದು ಬದುಕೈತಾ?'
ಗೊತ್ತಿಲ್ಲ ಅಂದೆ.
'ನಿಮ್ ಮಾವಂಗೆ ಹೇಳ್ಬೇಡ. ಮತ್ತೆ ಹಿಡ್ದಾನು.'

ತಟ್ಟೆಯಲ್ಲಿ ಒಂದು ತುತ್ತು ಮುದ್ದೆ ಉಳಿಸಿಕೊಂಡಿದ್ದಳು.
ಅದನ್ನು ಅಗಿಯದೆ ನುಂಗಿದಳು,
ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಾಗ ನುಂಗುತ್ತಾರಲ್ಲ,
ಹಾಗೆ.