ನಾಲ್ಕೂವರೆ

ನನ್ನ ಕಸುಬು ನಾಲಿಗೆಯದು.
ಕೂಡ್ಲೂರಿನ ಕಾಫಿ ಕ್ಯೂರಿಂಗಿನಲ್ಲಿ ಇಪ್ಪತ್ತಾರು ವರ್ಷ
ಬೆಳಿಗ್ಗೆ ಹತ್ತಕ್ಕೆ, ಸಾಲು ಬಟ್ಟಲುಗಳ ಮುಂದೆ ನಿಂತು
ಚಮಚದಿಂದ ಸೊರ್ರನೆ ಎಳೆದು, ಬಾಯೊಳಗೆ ಹೊರಳಿಸಿ,
ಉಗುಳುತ್ತೇನೆ.
ನುಂಗುವುದು ಕಸುಬಿನಲ್ಲಿಲ್ಲ.

ಕಣದಲ್ಲಿ ಮಳೆ ತಾಗಿದ್ದರೆ ಗೊತ್ತಾಗುತ್ತದೆ.
ಗೋಣಿ ಸೀಮೆಎಣ್ಣೆ ಡಬ್ಬದ ಪಕ್ಕ ಮಲಗಿದ್ದರೆ,
ಹಣ್ಣು ಒಂದು ರಾತ್ರಿ ಹೆಚ್ಚು ಕೊಳೆತಿದ್ದರೆ
ಗೊತ್ತಾಗುತ್ತದೆ. ಬರೆಯುತ್ತೇನೆ.
ತೋಟದವರು ಬೈಯುತ್ತಾರೆ,
ಮುಂದಿನ ವರ್ಷ ಟಾರ್ಪಾಲು ಕೊಳ್ಳುತ್ತಾರೆ.

ಇಂಥ ನನ್ನನ್ನು ಗ್ಯಾಸ್ ಏಜೆನ್ಸಿಯ ಬೆಳ್ಯಪ್ಪ ಕರೆದ:
‘ಗುರುವಾರ ಸಂಜೆ ಮಹಡಿಗೆ ಬನ್ನಿ. ಮೂವರು ನುಡಿಸುತ್ತೇವೆ.
ಕೇಳಿ, ಇದ್ದದ್ದು ಇದ್ದ ಹಾಗೆ ಹೇಳಿ.’

ಹಾಗೆಂದವರಾರಿಗೂ ಅದು ಬೇಕಿರುವುದಿಲ್ಲ.
ಐವತ್ತೆಂಟಾದರೂ ನನಗಿದು ತಿಳಿದಿರಲಿಲ್ಲ.

ಕುಶಾಲನಗರ ಬಸ್‌ಸ್ಟ್ಯಾಂಡಿನ ಹಿಂದೆ, ಟೈರ್ ಅಂಗಡಿಯ ಮೇಲೆ,
ಬೆಳ್ಯಪ್ಪನ ಕ್ಲಾರಿನೆಟ್ಟು. ಮಡಿಕೇರಿಯ ಬ್ಯಾಂಡಿನವರು ಮಾರಿದ್ದು,
ಒಂದು ಕೀಗೆ ರಬ್ಬರ್ ಬ್ಯಾಂಡು ಸುತ್ತಿದೆ.
ತಬಲಕ್ಕೆ ಔಷಧಿ ಅಂಗಡಿಯ ಮೊಯ್ದು.
ಹಾರ್ಮೋನಿಯಮ್ಮಿಗೆ ನಿವೃತ್ತ ನರ್ಸ್ ಎಮಿಲ್ಡಾ,
ರೋಗಿಯ ನಾಡಿ ಹಿಡಿದಷ್ಟೇ ಹಗುರ ಬೆರಳು.

ಮೋಹನ ಶುರುವಾಯಿತು.
ಗಾಂಧಾರ ಜಾರುತ್ತಿತ್ತು
ಒದ್ದೆ ಮೆಟ್ಟಿಲಲ್ಲಿ ಕಾಲು ಜಾರಿದ ಹಾಗೆ,
ಪ್ರತಿ ಸಲವೂ,
ಅದೇ ಮೆಟ್ಟಿಲಲ್ಲಿ.

ಬರೆದುಕೊಟ್ಟೆ: ಕ್ಲಾರಿನೆಟ್, ಗಾಂಧಾರ ಇಳಿದಿದೆ.
ತಬಲ ಓಡುತ್ತದೆ, ಅಂಗಡಿ ಮುಚ್ಚುವ ಹೊತ್ತಿನವರ ಹಾಗೆ.
ಹಾರ್ಮೋನಿಯಂ, ದೋಷವಿಲ್ಲ; ಬೇರೇನೂ ಇಲ್ಲ.
ಹತ್ತಕ್ಕೆ ನಾಲ್ಕೂವರೆ.

ಎಮಿಲ್ಡಾ ನಕ್ಕರು. ಮೊಯ್ದು ಚಹಾ ತರಲು ಇಳಿದುಹೋದ.
ಬೆಳ್ಯಪ್ಪ ಕೊಳವೆಯ ಎಂಜಲು ಒರೆಸುತ್ತ
‘ಅದು ನಿಮ್ಮ ಕಿವಿಗೆ’ ಅಂದ,
‘ರುಚಿ ಅವರವರದು.’

ರುಚಿಯ ವಿಷಯ, ನನಗೆ!
‘ಹದಿನಾಲ್ಕು ಕಿಲೋ ಇನ್ನೂರು ಗ್ರಾಮಿನ ಸಿಲಿಂಡರು
ಹದಿಮೂರೇ ತೂಗಿದರೆ
ಗಿರಾಕಿಗೆ ಏನನ್ನುತ್ತೀಯ ಬೆಳ್ಯಪ್ಪ,
ತೂಕ ನಿಮ್ಮ ಅಭಿಪ್ರಾಯ ಅಂತಲೋ?’

ಚಹಾ ಬರುವಷ್ಟರಲ್ಲಿ ನಾನು ಸ್ಕೂಟರ್ ಮೇಲಿದ್ದೆ.
ದಾರಿಯುದ್ದಕ್ಕೂ ವಾದ ಗೆಲ್ಲುತ್ತಲೇ ಬಂದೆ:
ಮೂರು ನಾಲಿಗೆ, ಒಂದು ಬಟ್ಟಲು,
ಯಾರ ಚೀಟಿ ಯಾರೂ ನೋಡುವುದಿಲ್ಲ,
ಅರ್ಧ ಅಂಕದ ಅಂತರ ಎಂದೂ ಮೀರಿಲ್ಲ.
ಇದಕ್ಕೇನು ಹೇಳುತ್ತಾನೆ?

ಗೇಟು ತೆರೆಯುವಾಗ ನೆನಪಾಯಿತು, ಯಾರಿಗೂ ಹೇಳದ್ದು.
ಊರಿಗೆಲ್ಲ ಜ್ವರ ಬಂದ ಆ ವರ್ಷ
ನನ್ನ ವಾಸನೆ ಹೋಗಿತ್ತು, ಎರಡು ತಿಂಗಳು.
ಇಂಗು, ಪೆಟ್ರೋಲು, ಕಾಚಂಪುಳಿ, ಎಲ್ಲ ಬರಿಯ ನೀರು.
ರಜೆ ಕೇಳಲಿಲ್ಲ. ಬಟ್ಟಲುಗಳ ಮುಂದೆ ನಿಂತೆ, ಸೊರ್ರೆಂದೆ,
ಎಡಗಡೆಯ ಮಂದಣ್ಣನ ಹುಬ್ಬು ನೋಡಿ ಅಂಕ ಬರೆದೆ.
ಅರ್ಧ ಅಂಕದ ಅಂತರ
ಆಗಲೂ ಮೀರಲಿಲ್ಲ.

ಮಂದಣ್ಣ ಯಾರ ಹುಬ್ಬು ನೋಡುತ್ತಿದ್ದನೋ.

ಆದರೂ ಗಾಂಧಾರ ಇಳಿದಿತ್ತು.
ಹುಬ್ಬು ನೋಡಿ ಹೇಳಿದ್ದಲ್ಲ ಅದು;
ಆ ಮಹಡಿಯಲ್ಲಿ ಗಂಟಿಕ್ಕಿದ್ದು ನನ್ನದೊಂದೇ ಹುಬ್ಬು.

ಮನೆಯಲ್ಲಿ ನಾವು ಕುಡಿಯುವುದು
ಆರಿಸಿ ಬಿಟ್ಟ ಚೂರುಗಳ ಪುಡಿ, ಬೆಲ್ಲ ಹಾಕಿ.
ಮೇಜಿನ ಮೇಲಿಟ್ಟರೆ ಮೂರು ಕೊಡಲಾರೆ.
ದಿನಕ್ಕೆ ಎರಡು ಲೋಟ
ನುಂಗುತ್ತೇನೆ.

ಸೋಮವಾರ ಬಟ್ಟಲುಗಳ ನಡುವೆ
ಏನೋ ಗುನುಗುತ್ತಿದ್ದೆನಂತೆ, ಮಂದಣ್ಣ ತಿರುಗಿ ನೋಡಿದ.
ಮೋಹನವೇ.
ಗಾಂಧಾರ ಇಳಿದೇ ಇತ್ತು, ಅದೇ ಮೆಟ್ಟಿಲಲ್ಲಿ.
ತಿದ್ದಿ ಗುನುಗಿದೆ.
ಸ್ವರ ಕೂತಿತು.
ಬೆಳ್ಯಪ್ಪ ಎದ್ದುಹೋದ.

ನಾಳಿದ್ದು ಗುರುವಾರ.
ಆ ಕೀಗೆ ಹೊಂದುವ ಸ್ಪ್ರಿಂಗೊಂದು
ಹಳೆಯ ತಕ್ಕಡಿಯಲ್ಲಿ ಸಿಕ್ಕಿ, ಜೇಬಿನಲ್ಲಿದೆ.
ಕೊಡುತ್ತೇನೋ ಇಲ್ಲವೋ,
ಅಂಕ ಮಾತ್ರ ನಾಲ್ಕೂವರೆಯೇ.